ಮನೆ ಸಾಲದ ಕಡತದೊಳಗೆ ಎಷ್ಟು ಜನರಿದ್ದಾರೆ

ಉಡುಪಿಗೆ ಸಮೀಪದ ಅಲೆವೂರಿನಲ್ಲಿ ಅಪ್ಪನ ಪಾಲಿಗೆ ಬಂದಿದ್ದ 9 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಲು ಎರಡನೆಯ ಬಾರಿ ಸಾಲದ ಅರ್ಜಿ ಹಾಕುವ ಮುನ್ನಾದಿನ, ನಾನು ಕಡತವನ್ನು ಊಟದ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಅದರಲ್ಲಿರುವ ಹೆಸರುಗಳನ್ನು ಎಣಿಸಿದೆ. ಸಾಲ ಕೇಳಿದವರು ನಾನು ಮತ್ತು ನನ್ನ ಗಂಡ, ಇಬ್ಬರೇ. ಆದರೆ ಪಾಲುಪಟ್ಟಿಯಲ್ಲಿ ಅಪ್ಪನ ಒಡಹುಟ್ಟಿದವರೆಲ್ಲರ ಹೆಸರು, ಪ್ರಾಯ, ವಿಳಾಸ ಮತ್ತು ಅವರವರಿಗೆ ಸಂದ ಪಾಲಿನ ವಿವರವಿತ್ತು. ವಂಶವೃಕ್ಷದಲ್ಲಿ ಅವರ ಮಕ್ಕಳೂ ತೀರಿಕೊಂಡವರೂ ಇದ್ದರು. ಚಕ್ಕುಬಂದಿಯಲ್ಲಿ ನೆರೆಯ ಜಾಗದವರಿದ್ದರು. ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಾಲಿನವರು, ಮೀನು ತರುವವರು, ಮಗಳ ಸಂಗೀತದ ಟೀಚರು, ತಂಗಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ಇದ್ದರು. ಒಟ್ಟು ನಲವತ್ತೊಂದು ಜನ. ಅವರಲ್ಲಿ ಮೂವತ್ತೊಂಬತ್ತು ಮಂದಿಗೆ ತಮ್ಮ ವಿವರ ಒಂದು ಬ್ಯಾಂಕಿನ ಮೇಜಿಗೆ ಹೋಗುತ್ತಿದೆ ಎಂಬ ಸುಳಿವೇ ಇರಲಿಲ್ಲ. ಮೊದಲ ಬಾರಿ ಅರ್ಜಿ ಹಾಕುವಾಗ ನಾನು ಹೀಗೆ ಎಣಿಸಿರಲಿಲ್ಲ, ಎಣಿಸಬೇಕೆಂದು ತೋಚಿರಲೂ ಇಲ್ಲ.

ಅಪ್ಪ ಮೂವತ್ತೊಂದು ವರ್ಷ ಪಿಗ್ಮಿ ಸಂಗ್ರಹಿಸಿದವರು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಉಳಿತಾಯ ಕೂಡಿಸುವ ಆ ಯೋಜನೆ 1928ರಲ್ಲಿ ನಮ್ಮ ಉಡುಪಿಯಲ್ಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯಲ್ಲಿ ಹುಟ್ಟಿತು. ಅನಂತರ ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಅದನ್ನು ಅನುಸರಿಸಿದವು. ರಥಬೀದಿಯ ಸುತ್ತಲಿನ ಅಂಗಡಿಗಳಲ್ಲಿ ಯಾರ ವ್ಯಾಪಾರ ಏರಿದೆ, ಯಾರದು ಇಳಿದಿದೆ, ಯಾರು ಮಗಳ ಮದುವೆಗೆಂದು ಗಂಡನಿಗೆ ತಿಳಿಯದಂತೆ ಐದು ರೂಪಾಯಿ ಹೆಚ್ಚು ಕಟ್ಟುತ್ತಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಒಂದು ಅಂಗಡಿಯಲ್ಲಿ ನಿಂತಿರುವಾಗ ಇನ್ನೊಂದು ಅಂಗಡಿಯ ಪುಸ್ತಕವನ್ನು ಅವರು ಚೀಲದಿಂದ ಹೊರಗೆ ತೆಗೆಯುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಕೇಳಿದರೂ ಯಾರ ಮೊತ್ತವನ್ನೂ ಹೇಳಿದವರಲ್ಲ. ಕರಾವಳಿಯ ಜನ ಹಣದ ವ್ಯವಹಾರದಲ್ಲಿ ಮನುಷ್ಯರನ್ನು ಸುಲಭವಾಗಿ ನಂಬುವುದಕ್ಕೆ ಇಂಥವರ ಬಾಯಿಬಿಗಿತವೇ ಕಾರಣ ಎಂದು ನಾನು ತಿಳಿದಿದ್ದೇನೆ, ಮತ್ತು ಆ ನಂಬಿಕೆಯನ್ನು ನಾನು ಯೋಚಿಸದೆ ಬೇರೆಯವರಿಗೂ ವಿಸ್ತರಿಸಿದೆ.

ನಮ್ಮ ಪರಿಚಯದವರೊಬ್ಬರು ಸಾಲದ ಏಜೆಂಟರೊಬ್ಬರ ನಂಬರ್ ಕೊಟ್ಟರು. ಅವರು ಮಾತಿನಲ್ಲಿ ಸೌಮ್ಯರು, ಊರಿನವರು, ಬಡ್ಡಿಯ ದರಗಳನ್ನೆಲ್ಲ ಬಾಯಿಪಾಠವಾಗಿ ಹೇಳಬಲ್ಲವರು. ಬ್ಯಾಂಕಿಗೆ ನೀವು ಬರುವುದೇ ಬೇಡ, ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಕಳುಹಿಸಿ ಎಂದರು. ಶಾಲೆಯ ಕೆಲಸದ ನಡುವೆ ನನಗೆ ಅದು ಉಪಕಾರವೆಂದೇ ಕಂಡಿತು. ಇಬ್ಬರ ಆಧಾರ್, ಪ್ಯಾನ್, ಸಂಬಳ ಚೀಟಿ, ಫಾರ್ಮ್ 16, ಸ್ಟೇಟ್‌ಮೆಂಟ್, ಪಾಲುಪಟ್ಟಿ, ಆರ್‌ಟಿಸಿ, ಪಂಚಾಯತಿನ 9/11 ನಮೂನೆ ಎಲ್ಲವನ್ನೂ ಒಂದೇ ಸಂಜೆ ಕಳುಹಿಸಿದೆ. ಸ್ಟೇಟ್‌ಮೆಂಟಿನ ಕಡತಕ್ಕೆ ಪಾಸ್‌ವರ್ಡ್ ಇತ್ತು. ಅದನ್ನೂ ಅದೇ ಚಾಟಿನಲ್ಲಿ, ಕಡತದ ಕೆಳಗೇ ಬರೆದು ಕಳುಹಿಸಿದೆ. ಮರುದಿನ ಅವರು ಕರೆ ಮಾಡಿ, ಸಿಬಿಲ್ ನೋಡಬೇಕು, ಒಂದು ಒಟಿಪಿ ಬರುತ್ತದೆ ಹೇಳಿ ಎಂದರು. ಹೇಳಿದೆ. ಸರ್ವರ್ ಸರಿಯಿಲ್ಲ, ಇನ್ನೊಂದು ಬರುತ್ತದೆ ಎಂದರು. ಅದನ್ನೂ ಹೇಳಿದೆ. ಹೀಗೆ ನಾಲ್ಕು ಬಾರಿ ಆಯಿತು. ಪ್ರತಿ ಸಂದೇಶದಲ್ಲೂ ಆರು ಅಂಕಿಗಳ ಜೊತೆ ಒಂದು ಪೂರ್ಣ ವಾಕ್ಯವಿತ್ತು, ಆ ವಾಕ್ಯದಲ್ಲಿ ಒಂದು ಸಂಸ್ಥೆಯ ಹೆಸರಿತ್ತು, ಮತ್ತು ನಾಲ್ಕು ಸಂದೇಶಗಳಲ್ಲಿ ಇದ್ದದ್ದು ನಾಲ್ಕು ಬೇರೆ ಬೇರೆ ಹೆಸರುಗಳು. ನಾನು ಓದಿದ್ದು ಅಂಕಿಗಳನ್ನು ಮಾತ್ರ.

ಹದಿನೈದು ದಿನ ಕಳೆಯಿತು. ಆಟಿ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಅಪರಿಚಿತ ನಂಬರಿನಿಂದ ಒಬ್ಬ ಹೆಣ್ಣುಮಗಳು ಕರೆ ಮಾಡಿ ನನ್ನ ಹೆಸರನ್ನು ಪೂರ್ತಿಯಾಗಿ ಹೇಳಿ, ಕುಟುಂಬದ ಆಸ್ಪತ್ರೆಯ ಖರ್ಚಿಗೆ ತಮ್ಮಲ್ಲಿ ಕಡಿಮೆ ಬಡ್ಡಿಯ ಸಾಲವಿದೆ, ಮೊತ್ತ ಈಗಾಗಲೇ ಮಂಜೂರಾಗಿದೆ ಎಂದರು. ಆಸ್ಪತ್ರೆಯ ವಿಷಯ ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅವರು ಫೋನ್ ಇಟ್ಟರು. ತಂಗಿಯ ಕಾಯಿಲೆಯ ಬಗ್ಗೆ ನಾವು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ಅವಳು ಕೆಲಸ ಮಾಡುವ ಕಡೆ ತಿಳಿಯಬಾರದೆಂಬ ಅವಳ ಇಚ್ಛೆಯನ್ನು ನಾವೆಲ್ಲ ಜತನದಿಂದ ಕಾಯ್ದಿದ್ದೆವು. ಆದರೆ ಪ್ರತಿ ತಿಂಗಳೂ ನನ್ನ ಖಾತೆಯಿಂದ ಆಸ್ಪತ್ರೆಗೂ ವೈದ್ಯರಿಗೂ ಹೋದ ಹಣ ಸ್ಟೇಟ್‌ಮೆಂಟಿನಲ್ಲಿ ಸಾಲು ಸಾಲಾಗಿ, ಹೆಸರು ಸಹಿತ ಮುದ್ರಿತವಾಗಿತ್ತು. ಅದನ್ನು ಓದಿದ ಯಾರೋ ಒಬ್ಬರು ಅದರಿಂದ ಒಂದು ವ್ಯಾಪಾರವನ್ನು ಕಂಡುಕೊಂಡಿದ್ದರು. ನನ್ನ ಸಾಲಕ್ಕಾಗಿ ನಾನು ಅವಳ ಗುಟ್ಟನ್ನು ಕೊಟ್ಟುಬಿಟ್ಟಿದ್ದೆ. ಈ ಬರಹವನ್ನು ಬರೆಯಲು ಕಾರಣ ಅದೇ. ಅವಳು ಓದಿ ಒಪ್ಪಿದ ಮೇಲೆಯೇ ಇದನ್ನು ಪ್ರಕಟಿಸುತ್ತಿದ್ದೇನೆ.

ಅಂದು ಸಂಜೆ ನನ್ನ ಕ್ರೆಡಿಟ್ ವರದಿಯನ್ನು, ಅಂದರೆ ನನ್ನ ಸಾಲಗಳ ಚರಿತ್ರೆಯನ್ನೂ ಅದಕ್ಕೆ ಕೊಟ್ಟ ಅಂಕವನ್ನೂ ಹೇಳುವ ಕಾಗದವನ್ನು, ತೆಗೆಸಿ ನೋಡಿದೆ. ನಮ್ಮ ದೇಶದಲ್ಲಿ ಇಂಥ ಮಾಹಿತಿಯನ್ನು ಇಟ್ಟುಕೊಳ್ಳುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ, ಮತ್ತು ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ವರದಿಯ ಕೊನೆಯ ಪುಟಗಳಲ್ಲಿ ಎನ್‌ಕ್ವೈರಿ ಎಂಬ ಭಾಗವಿರುತ್ತದೆ. ಯಾರು, ಯಾವ ದಿನ, ಯಾವ ಬಗೆಯ ಸಾಲಕ್ಕೆಂದು ನಮ್ಮ ವರದಿಯನ್ನು ತರಿಸಿಕೊಂಡರು ಎಂಬುದು ಅಲ್ಲಿ ದಾಖಲಾಗಿರುತ್ತದೆ. ನನ್ನ ಹೆಸರಿನಲ್ಲಿ ನಾಲ್ಕು ಎನ್‌ಕ್ವೈರಿಗಳಿದ್ದವು. ಒಂದು ನಾನು ಬಯಸಿದ ಬ್ಯಾಂಕಿನದು. ಎರಡು ನಾನು ಕೇಳಿಯೇ ಇರದ ಗೃಹಸಾಲ ಸಂಸ್ಥೆಗಳವು. ನಾಲ್ಕನೆಯದು ವೈಯಕ್ತಿಕ ಸಾಲಕ್ಕೆ ಸಂಬಂಧಿಸಿದ್ದು, ಮತ್ತು ಅಂಥ ಸಾಲವನ್ನು ನಾನು ಯಾರಲ್ಲೂ ಕೇಳಿರಲಿಲ್ಲ. ಕಡಿಮೆ ಅವಧಿಯಲ್ಲಿ ಹಲವು ಕಡೆ ಅರ್ಜಿ ಹಾಕಿದವರನ್ನು ಬ್ಯಾಂಕುಗಳು ಹಣದ ಮುಗ್ಗಟ್ಟಿನಲ್ಲಿರುವವರೆಂದು ಎಣಿಸುವುದರಿಂದ, ಇದು ನನ್ನ ನಿಜವಾದ ಅರ್ಜಿಗೂ ಪೆಟ್ಟು ಕೊಡಬಲ್ಲದಾಗಿತ್ತು. 2024ರ ಏಪ್ರಿಲ್‌ನಿಂದ, ನಮ್ಮ ವರದಿಯನ್ನು ಯಾರಾದರೂ ತರಿಸಿಕೊಂಡಾಗ ನಮಗೆ ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ತಿಳಿಸುವ ಕರ್ತವ್ಯ ಆ ಕಂಪನಿಗಳ ಮೇಲಿದೆ. ನನಗೂ ಸಂದೇಶಗಳು ಬಂದಿದ್ದವು. ಇಮೇಲಿನ ಪ್ರಚಾರ ಸಂದೇಶಗಳ ರಾಶಿಯಲ್ಲಿ ಅವು ಓದದೆ ಉಳಿದಿದ್ದವು.

ಏಜೆಂಟರು ಕೆಟ್ಟವರೆಂದು ಹೇಳಿ ಮುಗಿಸಿಬಿಡುವುದು ನನಗೆ ಇಷ್ಟವಿಲ್ಲ. ನಾನು ಕೇಳಿದಾಗ ಅವರು ಏನನ್ನೂ ಮುಚ್ಚಿಡಲಿಲ್ಲ: ಒಂದು ಕಡೆ ತಿರಸ್ಕಾರವಾದರೆ ಇನ್ನೊಂದು ಕಡೆ ಆಗಲೆಂದು ನಾಲ್ಕು ಕಡೆ ಹಾಕಿದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದರು. ಅವರಿಗೆ ಕಮಿಷನ್ ಸಿಗುವುದು ಸಾಲ ಬಿಡುಗಡೆಯಾದ ಮೇಲೆ. ಆದ್ದರಿಂದ ಒಂದೇ ಕಡತವನ್ನು ಹಲವು ಬಾಗಿಲಿಗೆ ಒಯ್ಯುವುದು ಅವರ ಕಸುಬಿನ ಒಳಗೇ ಇರುವ ಒತ್ತಡ. ಅವರ ಮೊಬೈಲಿನಲ್ಲಿ ನನ್ನಂಥ ನೂರಾರು ಮನೆಗಳ ಕಾಗದಗಳಿದ್ದವು, ಮತ್ತು ಅವರು ಆ ಮೊಬೈಲನ್ನು ತಮ್ಮ ಸಹಾಯಕನೊಂದಿಗೆ ಹಂಚಿಕೊಂಡಿದ್ದರು. ಬ್ಯಾಂಕು ಯಾವ ಕೆಲಸವನ್ನು ಹೊರಗಿನವರಿಗೆ ವಹಿಸಿದರೂ ಅದರ ಹೊಣೆ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. ಆದರೆ ಒಬ್ಬನೇ ಏಜೆಂಟ್ ಹಲವು ಸಂಸ್ಥೆಗಳಿಗೆ ದುಡಿಯುವಾಗ, ಅವನ ಕೈಯಿಂದ ಸೋರಿದ ಕಾಗದಕ್ಕೆ ಯಾವ ಸಂಸ್ಥೆ ಹೊಣೆ ಎಂದು ತೋರಿಸುವುದು ಸಾಮಾನ್ಯ ಅರ್ಜಿದಾರರಿಗೆ ಬಹಳ ಕಷ್ಟ.

ಇಲ್ಲಿ ನಾನು ಕಲಿತ ಮುಖ್ಯ ಸಂಗತಿಯೆಂದರೆ, ಇಂದು ಒಟಿಪಿ ಹೇಳುವುದೆಂದರೆ ಸಹಿ ಹಾಕಿದಂತೆಯೇ. ಅಪ್ಪ ಖಾಲಿ ಚಲನ್ನಿಗೆ ಎಂದೂ ಸಹಿ ಹಾಕಿದವರಲ್ಲ, ಹಾಕಲು ಬಿಟ್ಟವರೂ ಅಲ್ಲ. ನಾನು ಓದದ ಸಂದೇಶದ ಆರು ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳಿದ್ದು ಖಾಲಿ ಕಾಗದಕ್ಕೆ ನಾಲ್ಕು ಬಾರಿ ಸಹಿ ಹಾಕಿದ್ದಕ್ಕೆ ಸಮ. ನಾನು ಆ ನಾಲ್ಕರಲ್ಲಿ ಮೂರು ಸಂಸ್ಥೆಗಳಿಗೂ ಪತ್ರ ಬರೆದಾಗ, ಎರಡು ಸಂಸ್ಥೆಗಳು ನನ್ನ ಒಪ್ಪಿಗೆ ಒಟಿಪಿಯ ರೂಪದಲ್ಲಿ ದಾಖಲಾಗಿದೆ ಎಂದು ದಿನಾಂಕ, ಸಮಯ ಸಹಿತ ಉತ್ತರಿಸಿದವು. ಅದಕ್ಕೆ ನನ್ನಲ್ಲಿ ಮರುಮಾತಿರಲಿಲ್ಲ. ವೈಯಕ್ತಿಕ ಸಾಲದ ಎನ್‌ಕ್ವೈರಿಯ ಬಗ್ಗೆ ಮಾತ್ರ, ನಾನು ಒಪ್ಪಿದ್ದು ಗೃಹಸಾಲಕ್ಕೆ ಎಂಬ ನನ್ನ ಆಕ್ಷೇಪ ನಿಂತಿತು. ಕ್ರೆಡಿಟ್ ಕಂಪನಿಯ ಜಾಲತಾಣದಲ್ಲಿ ತಕರಾರು ಸಲ್ಲಿಸಿದ ಇಪ್ಪತ್ತಾರನೆಯ ದಿನ ಅದನ್ನು ತೆಗೆದುಹಾಕಿದರು. ಇಂಥ ತಕರಾರನ್ನು 30 ದಿನಗಳೊಳಗೆ ಇತ್ಯರ್ಥ ಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವಿದೆ. ಬ್ಯಾಂಕೇ ಉತ್ತರಿಸದಿದ್ದರೆ 30 ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448 ಎಂಬ ಉಚಿತ ಸಂಖ್ಯೆಯಲ್ಲಿ ಅದರ ಮಾಹಿತಿ ಸಿಗುತ್ತದೆ.

ಎರಡನೆಯ ಬಾರಿ ನಾನು ನೇರವಾಗಿ ಬ್ಯಾಂಕಿನ ಶಾಖೆಗೆ ಹೋದೆ, ಮತ್ತು ಒಂದೊಂದು ಕಾಗದವನ್ನೂ ಕೊಡುವ ಮುನ್ನ ಇದು ಯಾರಿಗೆ, ಯಾವುದಕ್ಕೆ ಎಂದು ನನ್ನನ್ನೇ ಕೇಳಿಕೊಂಡೆ. ಆಧಾರ್‌ನಲ್ಲಿ ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಎಂಬ ಪ್ರತಿಯನ್ನು ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಶಾಖೆಯ ಸಿಬ್ಬಂದಿಯೊಬ್ಬರು ಅದನ್ನು ನೋಡಿ, ಪೂರ್ತಿ ನಂಬರ್ ಬೇಕಲ್ಲ ಎಂದರು. ದೃಢೀಕರಣದ ಅಗತ್ಯವಿಲ್ಲದೆ ಆಧಾರನ್ನು ಗುರುತಿನ ಪುರಾವೆಯಾಗಿ ಮಾತ್ರ ಪಡೆಯುವಾಗ ಅದರ ಸಂಖ್ಯೆಯನ್ನು ಮರೆಮಾಡಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನವೇ ಹೇಳುತ್ತದೆ ಎಂದು ನಾನು ವಿನಯದಿಂದ ತಿಳಿಸಿದೆ. ಅವರು ಒಳಗೆ ಹೋಗಿ ಮ್ಯಾನೇಜರರನ್ನು ಕೇಳಿ ಬಂದು ತೆಗೆದುಕೊಂಡರು. ಕೋಪದ ಮಾತು ಯಾರಿಂದಲೂ ಬರಲಿಲ್ಲ. ನಿಯಮ ತಿಳಿದಿದ್ದರೆ ಗ್ರಾಹಕರೂ ಸಿಬ್ಬಂದಿಯೂ ಇಬ್ಬರೂ ನಿರಾಳವಾಗಿ ಮಾತನಾಡಬಹುದು. ಪ್ಯಾನ್ ಸಂಖ್ಯೆಯನ್ನು ಮಾತ್ರ ಮರೆಮಾಡಲು ಬರುವುದಿಲ್ಲ. ಅದು ಅವರಿಗೆ ಪೂರ್ತಿಯಾಗಿ ಬೇಕೇ ಬೇಕು.

ಪ್ರತಿಯೊಂದು ನಕಲಿನ ಮೇಲೂ ಅಡ್ಡಲಾಗಿ, ಅಕ್ಷರಗಳು ಮುದ್ರಣದ ಮೇಲೆ ಹಾಯುವಂತೆ, ಬ್ಯಾಂಕಿನ ಮತ್ತು ಶಾಖೆಯ ಹೆಸರು, ಗೃಹಸಾಲದ ಅರ್ಜಿಗೆ ಮಾತ್ರ ಎಂಬ ಮಾತು, ದಿನಾಂಕ ಮತ್ತು ಸಹಿ ಹಾಕಿದೆ. ಹೀಗೆ ಬರೆದರೆ ದುರುಪಯೋಗ ನಿಂತೇಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಪ್ರತಿ ಬೇರೆಲ್ಲಾದರೂ ಕಾಣಿಸಿಕೊಂಡರೆ ಅದು ಯಾವ ಕೈಯಿಂದ ಜಾರಿತು ಎಂದು ಹೇಳಬಹುದು, ಮತ್ತು ಬೇರೆ ಸಂಸ್ಥೆಯವರು ಅದನ್ನು ಕಣ್ಣುಮುಚ್ಚಿ ಸ್ವೀಕರಿಸುವುದು ಕಷ್ಟವಾಗುತ್ತದೆ. ವಕೀಲರಿಗೆ ಕೊಟ್ಟ ಪ್ರತಿಯಲ್ಲಿ ಕಾನೂನು ಅಭಿಪ್ರಾಯಕ್ಕೆ ಎಂದೂ, ವ್ಯಾಲ್ಯುವರ್‌ಗೆ ಕೊಟ್ಟದ್ದರಲ್ಲಿ ಮೌಲ್ಯಮಾಪನಕ್ಕೆ ಎಂದೂ ಬೇರೆ ಬೇರೆಯಾಗಿ ಬರೆದೆ. ವ್ಯಾಲ್ಯುವರ್‌ಗೆ ಸಂಬಳ ಚೀಟಿ ಬೇಕಾಗಿಲ್ಲ, ವಕೀಲರಿಗೆ ಸ್ಟೇಟ್‌ಮೆಂಟ್ ಬೇಕಾಗಿಲ್ಲ. ಏಜೆಂಟರ ಮೂಲಕ ಹೋದಾಗ ಇಡೀ ಕಟ್ಟು ಎಲ್ಲರಿಗೂ ಹೋಗಿತ್ತು.

ಸ್ಟೇಟ್‌ಮೆಂಟಿನ ವಿಷಯದಲ್ಲಿ ನಾನು ಹೆಚ್ಚು ಯೋಚಿಸಿದೆ. ಅದನ್ನು ಕೊಡದೆ ಸಾಲ ಸಿಗದು, ಸಾಲುಗಳನ್ನು ಅಳಿಸಿ ಕೊಡುವಂತೆಯೂ ಇಲ್ಲ. ಅಕೌಂಟ್ ಅಗ್ರಿಗೇಟರ್ ಎಂಬ ವ್ಯವಸ್ಥೆಯನ್ನು ಆಗ ತಿಳಿದುಕೊಂಡೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಈ ಸಂಸ್ಥೆಗಳು ನಮ್ಮ ಒಪ್ಪಿಗೆಯ ಮೇರೆಗೆ ಖಾತೆಯಿರುವ ಬ್ಯಾಂಕಿನಿಂದ ಸಾಲ ಕೊಡುವ ಬ್ಯಾಂಕಿಗೆ ಮಾಹಿತಿಯನ್ನು ಗೂಢಲಿಪಿಯಲ್ಲಿ ದಾಟಿಸುತ್ತವೆ. ನಡುವೆ ನಿಂತ ಸಂಸ್ಥೆಗೆ ಅದನ್ನು ಓದಲು ಬರುವುದಿಲ್ಲ. ಒಪ್ಪಿಗೆಯ ಪುಟದಲ್ಲಿ ಮಾಹಿತಿ ಯಾವ ಉದ್ದೇಶಕ್ಕೆ, ಯಾವ ತಿಂಗಳಿಂದ ಯಾವ ತಿಂಗಳವರೆಗಿನದು, ಒಮ್ಮೆ ಮಾತ್ರವೇ ಅಥವಾ ಮತ್ತೆ ಮತ್ತೆ ತರಿಸಿಕೊಳ್ಳುತ್ತಾರೆಯೇ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದೆಲ್ಲ ಬರೆದಿರುತ್ತದೆ ಮತ್ತು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಅವಕಾಶವೂ ಇರುತ್ತದೆ. ಬ್ಯಾಂಕಿನ ಅಧಿಕಾರಿ ಸ್ಟೇಟ್‌ಮೆಂಟನ್ನು ಓದುವುದನ್ನು ಇದು ತಪ್ಪಿಸುವುದಿಲ್ಲ. ದಾರಿಯಲ್ಲಿ ಇಣುಕುವ ಕಣ್ಣುಗಳನ್ನು ತಪ್ಪಿಸುತ್ತದೆ. ತಂಗಿಯ ಚಿಕಿತ್ಸೆಯ ಹಣವನ್ನು ಈಗ ಅಪ್ಪನ ಖಾತೆಯಿಂದ ಕಟ್ಟುತ್ತಿದ್ದೇವೆ. ಸಾಲಕ್ಕೆ ಹೊರಡುವ ಒಂದು ವರ್ಷ ಮೊದಲೇ ಯಾವ ಖಾತೆಯಿಂದ ಯಾವ ಖರ್ಚು ಹೋಗಬೇಕೆಂದು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದೆಂದು ಹೇಳಲು ಇದನ್ನು ಬರೆದೆ.

ನಮ್ಮೂರಿನ ಝೆರಾಕ್ಸ್ ಅಂಗಡಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತಾಲೂಕು ಕಚೇರಿ, ನೋಂದಣಿ ಕಚೇರಿಗಳ ಸುತ್ತ ಇರುವ ಈ ಅಂಗಡಿಗಳಿಲ್ಲದೆ ಯಾರ ಕೆಲಸವೂ ಸಾಗದು, ಮತ್ತು ನಡೆಸುವವರು ದಿನವಿಡೀ ನಿಂತು ದುಡಿಯುವ ಸಭ್ಯರು. ಆದರೆ ಪ್ರಿಂಟ್ ಬೇಕಾದವರೆಲ್ಲ ತಮ್ಮ ಕಡತವನ್ನು ಅಂಗಡಿಯ ವಾಟ್ಸಾಪಿಗೋ ಇಮೇಲಿಗೋ ಕಳುಹಿಸುತ್ತಾರೆ, ಮತ್ತು ಅವು ಆ ಕಂಪ್ಯೂಟರಿನ ಡೌನ್‌ಲೋಡ್ ಕಪಾಟಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ನನ್ನ ಸರದಿ ಬಂದಾಗ ಪರದೆಯ ಮೇಲೆ ನನಗಿಂತ ಮೊದಲು ಬಂದವರ ಪ್ಯಾನ್ ಕಾರ್ಡು, ಪಾಸ್‌ಪೋರ್ಟು, ಯಾರದೋ ವಿವಾಹ ವಿಚ್ಛೇದನದ ಆದೇಶ ಎಲ್ಲ ಸಾಲಾಗಿ ಕಾಣುತ್ತಿದ್ದವು. ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇರುವುದರಿಂದ ಅಪಾಯವಿಲ್ಲ ಎಂದು ಹಲವರು ತಿಳಿದಿದ್ದಾರೆ. ಆ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ, ಇವೆರಡೂ ಪಕ್ಕದ ಕಡತದಲ್ಲೇ ಇರುತ್ತವೆ. ನಾನು ಈಗ ಪೆನ್‌ಡ್ರೈವಿನಲ್ಲಿ ಅಂದಿಗೆ ಬೇಕಾದ ಪುಟಗಳನ್ನಷ್ಟೇ ಒಯ್ಯುತ್ತೇನೆ ಮತ್ತು ಮುಗಿದ ಮೇಲೆ ನಕಲು ಉಳಿದಿದ್ದರೆ ಅಳಿಸಿ ಎಂದು ಕೇಳಿ, ಕಸದ ಬುಟ್ಟಿಯಿಂದಲೂ ಅಳಿಸುವವರೆಗೆ ನಿಲ್ಲುತ್ತೇನೆ. ಕೆಟ್ಟುಹೋದ ಪ್ರಿಂಟನ್ನು ಹಿಂದಕ್ಕೆ ಪಡೆಯುತ್ತೇನೆ. ಮೂರನೆಯ ಸಲ ಹೋದಾಗ ಅಂಗಡಿಯಾಕೆ ತಾನಾಗಿಯೇ ಪರದೆಯನ್ನು ನನ್ನ ಕಡೆ ತಿರುಗಿಸಿ ಅಳಿಸಿದರು.

ಅಪ್ಪ ಆ ಜಾಗವನ್ನು ನನಗೆ ದಾನಪತ್ರ ಮಾಡಿಕೊಡಲು ಉಪನೋಂದಣಿ ಕಚೇರಿಗೆ ಹೋಗಬೇಕಾಗಿತ್ತು. ಅಲ್ಲಿ ಫೋಟೊ ತೆಗೆಯುತ್ತಾರೆ, ಬೆರಳಚ್ಚು ಪಡೆಯುತ್ತಾರೆ. ಆಸ್ತಿಯ ನೋಂದಣಿ ಕಾನೂನಿನ ದೃಷ್ಟಿಯಲ್ಲಿ ಸಾರ್ವಜನಿಕ ದಾಖಲೆ, ಅದರ ಪ್ರತಿಯನ್ನು ಶುಲ್ಕ ಕೊಟ್ಟು ಬೇರೆಯವರೂ ಪಡೆಯಬಹುದು. 2023ರಲ್ಲಿ ಮಂಗಳೂರಿನಲ್ಲಿ ನಡೆದದ್ದನ್ನು ಕರಾವಳಿಯ ಓದುಗರು ಮರೆತಿರಲಾರರು. ಆಸ್ತಿ ನೋಂದಣಿ ಮುಗಿಸಿ ಬಂದ ಹಲವರ ಖಾತೆಗಳಿಂದ, ಒಟಿಪಿ ಬರದೆ, ಯಾವ ಕೊಂಡಿಯನ್ನೂ ಒತ್ತದೆ, ಹಣ ಹೋಯಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕು. ಹಳ್ಳಿಯ ವೃದ್ಧರು ಬ್ಯಾಂಕಿಗೆ ಅಲೆಯದೆ ಹಣ ಪಡೆಯಲೆಂದು ಮಾಡಿದ ಅನುಕೂಲವದು. ನೋಂದಣಿ ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ವಂಚಕರು ಅದನ್ನೇ ಬಳಸಿದ್ದರು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಆಗ ಜನರಿಗೆ ಹೇಳಿದರು.

ಆ ಲಾಕ್ ಮಾಡಲು ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ಜಾಲತಾಣ ಸಾಕು, ಐದು ನಿಮಿಷದ ಕೆಲಸ. ಲಾಕ್ ಆದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಯಾವುದರಿಂದಲೂ ದೃಢೀಕರಣ ನಡೆಯುವುದಿಲ್ಲ, ಒಟಿಪಿಯಿಂದ ನಡೆಯುತ್ತದೆ. ಬೇಕಾದಾಗ ಸ್ವಲ್ಪ ಹೊತ್ತಿನ ಮಟ್ಟಿಗೆ ತೆರೆದು ಮತ್ತೆ ಮುಚ್ಚಬಹುದು. ಅಪ್ಪನ ಮೊಬೈಲಿನಲ್ಲಿ ಇದನ್ನು ನೋಂದಣಿಯ ಹಿಂದಿನ ದಿನವೇ ಮಾಡಿದೆ, ಏಕೆಂದರೆ ಎಷ್ಟೋ ಮನೆಗಳಲ್ಲಿ ಹಿರಿಯರ ಆಧಾರ್‌ಗೆ ಜೋಡಿಸಿದ ನಂಬರ್ ಎಂದೋ ನಿಂತುಹೋದ ಸಿಮ್ಮಿನದಾಗಿರುತ್ತದೆ ಮತ್ತು ಅದು ತಿಳಿಯುವುದು ಕೊನೆಯ ಗಳಿಗೆಯಲ್ಲಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವವರು, ಜೀವನ ಪ್ರಮಾಣಪತ್ರ ಕೊಡಬೇಕಾದ ಪಿಂಚಣಿದಾರರು ಆ ದಿನಗಳಲ್ಲಿ ಲಾಕ್ ತೆರೆಯಬೇಕೆಂಬುದನ್ನು ಮನೆಯ ಕಿರಿಯರು ನೆನಪಿಟ್ಟುಕೊಳ್ಳಬೇಕು. ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬುದೂ ಅಲ್ಲೇ ಕಾಣುತ್ತದೆ. ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಅಲ್ಲಿ ಗಂಟೆಗಳಿಗೆ ಬೆಲೆಯಿದೆ.

ಗಲ್ಫಿನಲ್ಲಿರುವ ನಮ್ಮವರಿಗೂ ಹೇಳುವುದಿದೆ. ಕುಂದಾಪುರದಿಂದ ಉಳ್ಳಾಲದವರೆಗೆ ಎಷ್ಟೋ ಮನೆಗಳು ಎದ್ದದ್ದು ಅವರ ದುಡಿಮೆಯಿಂದ, ಮತ್ತು ಅವರ ಗೃಹಸಾಲದ ಕಾಗದಗಳು ಊರಿನ ಮುಖತ್ಯಾರರ ಕೈಯಲ್ಲಿ ಓಡಾಡುತ್ತವೆ. ಪಾಸ್‌ಪೋರ್ಟು, ವೀಸಾ, ಉದ್ಯೋಗದ ಒಪ್ಪಂದ ಇವನ್ನೆಲ್ಲ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನಾನು ಕಂಡಿದ್ದೇನೆ. ಗುಂಪಿನಲ್ಲಿರುವ ಹದಿನೆಂಟು ಮೊಬೈಲುಗಳಲ್ಲೂ ಅವು ತಾವಾಗಿಯೇ ಉಳಿದುಕೊಳ್ಳುತ್ತವೆ. ಅಧಿಕಾರ ಕೊಟ್ಟ ಒಬ್ಬರಿಗೆ, ಬ್ಯಾಂಕಿನ ಅಧಿಕೃತ ಇಮೇಲಿಗೆ, ಬೇಕಾದಷ್ಟನ್ನೇ ಕಳುಹಿಸಿ ಎಂದು ನಮ್ಮ ದೊಡ್ಡಪ್ಪನ ಮಗನಿಗೆ ಹೇಳಿದ್ದೇನೆ.

ಕಾನೂನು ನಮ್ಮ ಪರವಾಗಿ ನಿಧಾನವಾಗಿ ಬರುತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಪ್ರಕರಣವನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅರ್ಜಿ ಸಲ್ಲಿಸುವಾಗ ಅವರಿಗೆ ಎಂಬತ್ತು ದಾಟಿತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಒಂದು ಉದ್ದೇಶಕ್ಕೆ ಕೊಟ್ಟ ಒಪ್ಪಿಗೆ ಆ ಉದ್ದೇಶಕ್ಕೆ ಬೇಕಾದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ, ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎಂದು ಕಾಯ್ದೆ ಹೇಳುತ್ತದೆ. ಭದ್ರತೆಯ ವ್ಯವಸ್ಥೆ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು, ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆಯನ್ನು ಕೊಡಬೇಕೆಂಬ ಮಾತು. ಹದಿನಾರು ಪುಟಗಳ ಇಂಗ್ಲಿಷ್ ಅರ್ಜಿಯಲ್ಲಿ, ನಮ್ಮ ಸಮೂಹದ ಕಂಪನಿಗಳೊಂದಿಗೂ ಪಾಲುದಾರರೊಂದಿಗೂ ಮಾಹಿತಿ ಹಂಚಿಕೊಳ್ಳಲು ಒಪ್ಪುತ್ತೇನೆ ಎಂಬ ಸಾಲು ಹನ್ನೊಂದನೆಯ ಪುಟದಲ್ಲಿತ್ತು. ಅದರ ಪಕ್ಕದ ಚೌಕದಲ್ಲಿ ಗುರುತು ಹಾಕದೆ ಬಿಟ್ಟೆ. ಸಾಲಕ್ಕೆ ಅದರಿಂದ ಅಡ್ಡಿಯಾಗಲಿಲ್ಲ.

ಎಲ್ಲವನ್ನೂ ಅಳಿಸಿ ಎಂದು ಬ್ಯಾಂಕಿಗೆ ಹೇಳುವಂತಿಲ್ಲ ಎಂಬುದನ್ನೂ ತಿಳಿದಿರಬೇಕು. ಅಕ್ರಮ ಹಣ ತಡೆ ಕಾನೂನಿನಂತೆ ಗ್ರಾಹಕರ ಗುರುತಿನ ದಾಖಲೆಗಳನ್ನು ವ್ಯವಹಾರ ಮುಗಿದ ಮೇಲೂ ಕನಿಷ್ಠ ಐದು ವರ್ಷ ಬ್ಯಾಂಕು ಕಾಯ್ದಿಡಬೇಕು. ಏಜೆಂಟರಿಗೆ ಅಂಥ ಕಟ್ಟುಪಾಡಿಲ್ಲ. ಆದ್ದರಿಂದ ಅವರಿಗೆ ಲಿಖಿತವಾಗಿ ಕೇಳಿದೆ, ಅವರು ಚಾಟನ್ನು ಅಳಿಸಿ ಪರದೆಯ ಚಿತ್ರ ಕಳುಹಿಸಿದರು. ಅವರ ಸಹಾಯಕನ ಬಳಿ ಏನು ಉಳಿದಿದೆಯೋ ತಿಳಿಯದು, ಆ ಚಿಂತೆ ನನ್ನನ್ನು ಬಿಟ್ಟಿಲ್ಲ. ಸಾಲದೊಂದಿಗೆ ಮುಂದಿಟ್ಟ ವಿಮೆಯ ಫಾರಂ ನಮ್ಮ ಆರೋಗ್ಯದ ವಿವರಗಳನ್ನೆಲ್ಲ ಕೇಳುತ್ತಿತ್ತು. ಅದು ಬೇರೆ ಕಂಪನಿಗೆ ಹೋಗುವ ಕಾಗದ, ಇಂಥದೇ ಕಂಪನಿಯ ವಿಮೆ ಕೊಳ್ಳಬೇಕೆಂದು ಬ್ಯಾಂಕು ಒತ್ತಾಯಿಸುವಂತಿಲ್ಲ ಎಂದು ತಿಳಿದು ಮನೆಗೆ ತಂದು ಓದಿದೆವು. ಮೊಬೈಲ್ ಆ್ಯಪ್ ಮೂಲಕ ಸಾಲ ಪಡೆಯುವವರು ನೆನಪಿಡಬೇಕಾದದ್ದು, ಅಂಥ ಆ್ಯಪ್ ನಮ್ಮ ಸಂಪರ್ಕಗಳ ಪಟ್ಟಿ, ಕರೆಗಳ ವಿವರ, ಫೋಟೊಗಳ ಕಡತ ಇವನ್ನು ತೆರೆಯುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ.

ಸೋಣ ತಿಂಗಳಲ್ಲಿ ಸಾಲ ಮಂಜೂರಾಯಿತು. ಮೂಲಪತ್ರಗಳನ್ನು ಒಪ್ಪಿಸುವ ದಿನ ಅಪ್ಪ ತಾವೂ ಬರುತ್ತೇನೆಂದು ಹೊರಟರು. ಅವರ ಸಹಿ ಅಲ್ಲಿ ಬೇಕಿರಲಿಲ್ಲ. ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕು ಈ ಪತ್ರಗಳನ್ನು ಹಿಂದಿರುಗಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಇದೆ ಎಂದು ಅವರಿಗೆ ದಾರಿಯಲ್ಲಿ ಹೇಳಿದೆ. ಏನನ್ನು ಕೊಟ್ಟೆವೆಂದು ಬರೆದಿದ್ದರಲ್ಲವೇ ಹಿಂದೆ ಕೇಳುವುದು ಎಂದರು. ಶಾಖೆಯಲ್ಲಿ ಅಧಿಕಾರಿ ಪಟ್ಟಿಯನ್ನು ಮುದ್ರಿಸಿ ತಂದರು. ಅಪ್ಪ ಕನ್ನಡಕ ಹಾಕಿಕೊಂಡು, ಹಿಂದೆ ಪಿಗ್ಮಿಯ ಚಿಲ್ಲರೆ ಎಣಿಸುತ್ತಿದ್ದ ಹಾಗೆ ಬೆರಳಿಗೆ ನೀರು ಮುಟ್ಟಿಸಿಕೊಂಡು, ಒಂದೊಂದು ಪತ್ರದ ಪುಟಗಳನ್ನು ಎಣಿಸಿ ಪಟ್ಟಿಯೊಡನೆ ತಾಳೆ ನೋಡಿದರು. ಪಾಲುಪಟ್ಟಿಗೆ ಹದಿನಾಲ್ಕು ಪುಟವೆಂದು ಬರೆದಿತ್ತು, ಇದ್ದದ್ದು ಹದಿನೈದು. ಅಧಿಕಾರಿ ಕ್ಷಮೆ ಕೇಳಿ ತಿದ್ದಿ, ತಿದ್ದಿದಲ್ಲಿ ಸಹಿ ಹಾಕಿ, ಮೊಹರು ಒತ್ತಿ, ನಮ್ಮ ಪ್ರತಿಯನ್ನು ಅಪ್ಪನ ಕೈಗೆ ಕೊಟ್ಟರು. ಅದು ಈಗ ಅಪ್ಪನ ಹಳೆಯ ಪಿಗ್ಮಿ ಚೀಲದಲ್ಲಿದೆ.